ಒಡ್ಡೋಲಗದಲ್ಲಿ ಮುಟ್ಟಾಳೆಯವ

ಇದು ಕಳೆದ ಡಿಸೆಂಬರಿನಲ್ಲಿ ನಡೆದದ್ದು. ಅಜ್ಜಾವರದ ಒಂದು ಮನೆಯಲ್ಲಿದ್ದ, ಅರಸನ ಒಡ್ಡೋಲಗದ ಹಳೆಯ ಚಿತ್ರವನ್ನು ಶುಚಿ ಮಾಡುವ ಮೊದಲು ಪರೀಕ್ಷಿಸಲು ಹೋಗಿದ್ದೆ. ಕಿಟಕಿ ಮುಚ್ಚಿಸಿ ಅತಿನೇರಳೆ ದೀಪ ಹಿಡಿದೆ.

"ಅರಸನ ಮುಖಕ್ಕೇ ಟಾರ್ಚ್ ಬಿಡುದಾ ಮಾರಾಯ್ರೆ?" ಎಂದು ಮನೆಯ ಯಜಮಾನರು ನಕ್ಕರು.

ಅರಸ, ಮಂತ್ರಿ, ಚಾಮರದವರು ಎಲ್ಲರೂ ಮಂದವಾಗಿ ಹೊಳೆದರು. ಬಾಗಿಲ ಬಳಿ ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ, ಇಟ್ಟುಕೊಂಡು ನಿಂತಿದ್ದ ರೈತ ಮಾತ್ರ ಕಪ್ಪಾಗಿ ಕಂಡ. ಈ ಬೆಳಕಿಗೆ ಹಳೆಯ ವಾರ್ನಿಷ್ ಹೊಳೆಯುತ್ತದೆ, ಅದರ ಮೇಲೆ ಆಮೇಲೆ ಬಳಿದದ್ದು ಹೊಳೆಯುವುದಿಲ್ಲ; ಅಂದರೆ ಅವನ ಬಣ್ಣ ಹೊಸದು. ಹೀಗೆ ನಂತರ ಸೇರಿಸಿದ್ದನ್ನು ತೆಗೆದುಬಿಡುವುದು ನಮ್ಮ ಕೆಲಸದ ಕ್ರಮ. ಅದನ್ನು ಅವರಿಗೆ ಹೇಳಿದೆ.

ಅವರಿಗೆ ಆಶ್ಚರ್ಯವಾಗಲಿಲ್ಲ. "ಗೊತ್ತುಂಟು. ನನ್ನ ಅಪ್ಪ ಪೇಂಟರನ್ನು ಕರೆಸಿ ಬರೆಸಿದ್ದು. ಅರಸನಿಗೆ ತೆರಿಗೆ ಕೊಟ್ಟವರು ನಾವು. ಅಲ್ಲಿ ನೋಡಿದ್ರೆ ನಮ್ಮವ ಒಬ್ಬನೂ ಇರ್ಲಿಲ್ಲ."

"ಹಾಗಾದ್ರೆ ಅವನನ್ನು ತೆಗೆಯುದಾ, ಬಿಡುದಾ?"

"ಎಂತ ಕೇಳ್ತೀರಿ? ಇಷ್ಟು ವರ್ಷ ಅರಸನೇ ಎಂತದೂ ಹೇಳ್ಲಿಲ್ಲ. ಈಗ ನೀವು ಹೊರಗೆ ಹಾಕುದಾ?"

ರೈತನನ್ನು ಅಲ್ಲೇ ಬಿಟ್ಟೆ. ಅವನ ಮೇಲಿನ ಧೂಳನ್ನಷ್ಟೇ ಒರೆಸಿದೆ. ಬಣ್ಣ ಹೊಸದೆಂಬುದನ್ನು ವರದಿಯಲ್ಲಿ ಬರೆದೆ. ಚಿತ್ರದಲ್ಲಿ ಅರಸನೂ ರೈತನೂ ಸೇರಿ ಈಗ ಹನ್ನೆರಡು ಜನ ಇದ್ದಾರೆ.