ತೇಯ್ದು ಕೊಟ್ಟ ಮಾತ್ರೆ

ಮೊದಲು ಗೊತ್ತಾದದ್ದು ಲಿಫ್ಟಿನಲ್ಲಿ. ವಡೋದರೆಯ ಫತೇಗಂಜ್‌ನಲ್ಲಿ ನಮ್ಮ ಮನೆ ಇರುವುದು ಆರನೆಯ ಮಹಡಿಯಲ್ಲಿ. ಅತ್ತೆಯೂ ನಾನೂ ತರಕಾರಿ ತೆಗೆದುಕೊಂಡು ಮೇಲೆ ಬರುತ್ತಿದ್ದೆವು. ನಾಲ್ಕನೆಯ ಮಹಡಿ ದಾಟುವಾಗ ಅವರು ನನ್ನ ಮೊಣಕೈ ಹಿಡಿದರು. ಹಿಡಿತ ಬಿಗಿಯಾಯಿತು. ಬಾಗಿಲು ತೆರೆಯುವಷ್ಟರಲ್ಲಿ ಅವರ ಸೀರೆ, ಚಪ್ಪಲಿ, ಲಿಫ್ಟಿನ ನೆಲ ಎಲ್ಲ ಒದ್ದೆಯಾಗಿತ್ತು.

ಅವರನ್ನು ಒಳಗೆ ಕಳಿಸಿ, ಬಕೆಟ್ ತಂದು ಲಿಫ್ಟ್ ಒರೆಸಿದೆ.

ಅತ್ತೆಗೆ ಎಪ್ಪತ್ಮೂರು ವರ್ಷ. ಗದಗಿನ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಕೂತು ನಿವೃತ್ತರಾದವರು. ಗಟ್ಟಿ ಹೆಂಗಸು, ಮಾತು ಖಡಕ್ಕು. ನಮ್ಮವರಿಗೆ ವಿಮಾ ಕಂಪನಿಯಲ್ಲಿ ಇಲ್ಲಿಗೆ ವರ್ಗವಾದಾಗ ಜೊತೆಗೇ ಬಂದರು. ಒಂದೇ ವರ್ಷದಲ್ಲಿ ತರಕಾರಿಯವಳ ಬಾಯಿಂದ ಗುಜರಾತಿ ಕಲಿತು, ನನ್ನ ಗುಜರಾತಿಯನ್ನು ತಿದ್ದುವಷ್ಟಾದರು. ಅಂಥವರು ಲಿಫ್ಟಿನ ಘಟನೆಯ ನಂತರ ಕೆಳಗೆ ಇಳಿಯುವುದನ್ನೇ ಬಿಟ್ಟರು. ನೀರು ಕುಡಿಯುವುದನ್ನು ಕಡಿಮೆ ಮಾಡಿದರು. ಬಂತು ಎಂದರೆ ತಡೆಯಲು ಆಗುತ್ತಿರಲಿಲ್ಲ. ಕೋಣೆಯಿಂದ ಬಚ್ಚಲಿಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯೇ ಅವರಿಗೆ ದೂರವಾಯಿತು.

ಯೂರಾಲಜಿಸ್ಟ್ ಬಳಿ ಕರೆದುಕೊಂಡು ಹೋದೆವು. ಸೋಂಕಿಲ್ಲ, ಸ್ಕ್ಯಾನ್ ಸರಿಯಿದೆ. ಓವರ್‌ಆ್ಯಕ್ಟಿವ್ ಬ್ಲಾಡರ್, ಮೂತ್ರಕೋಶ ತಡೆಯಿಲ್ಲದೆ ಹಿಂಡಿಕೊಳ್ಳುತ್ತದೆ ಎಂದರು. ದಿನಕ್ಕೊಂದು ಮಾತ್ರೆ, ಬೆಳಗಿನ ತಿಂಡಿಯ ನಂತರ. ಬಾಯಿ ಒಣಗಬಹುದು ಎಂದರು. ಇಡಿಯಾಗಿ ನುಂಗಬೇಕು ಎಂದು ಹೇಳಿದರೋ ಇಲ್ಲವೋ ನನಗೆ ನೆನಪಿಲ್ಲ. ಹೇಳಿದ್ದರೂ ಇರಬಹುದು. ನಾನಾಗ ಅತ್ತೆಯ ಮುಖ ನೋಡುತ್ತಿದ್ದೆ. ಗಂಡಸು ಡಾಕ್ಟರ ಎದುರು ಸೀರೆ ಒದ್ದೆಯಾಗುವ ವಿಷಯ ಹೇಳಿ ಅವರು ತಲೆ ತಗ್ಗಿಸಿ ಕೂತಿದ್ದರು.

ಮೂರನೆಯ ವಾರ ತುಳಸಿ ಕುಂಡದ ಮಣ್ಣು ಕೆದಕುವಾಗ ಮಾತ್ರೆಗಳು ಸಿಕ್ಕವು. ಒಂದಲ್ಲ, ಒಂದು ಹಿಡಿ. ಕೋಪ ನೆತ್ತಿಗೇರಿತು. ಕೇಳಿದರೆ, ಗಂಟಲಿಗೆ ಅಂಟಿಕೊಳ್ಳುತ್ತದೆ, ನುಂಗಲು ಆಗುವುದಿಲ್ಲ ಎಂದರು. ನೀರು ಕಡಿಮೆ ಮಾಡಿ ಬಾಯಿ ಒಣಗಿದವರಿಗೆ ಅದು ನಿಜವೇ ಇರಬೇಕು. ನನಗೆ ಮಾತ್ರ ಹಟ ಎನಿಸಿತು. ಮಕ್ಕಳೂ ಮುದುಕರೂ ಒಂದೇ ಎನ್ನುತ್ತಾರಲ್ಲ, ಹಾಗಾದರೆ ಮಕ್ಕಳಿಗೆ ಮಾಡಿದ್ದನ್ನೇ ಮಾಡಿದರಾಯಿತು ಎಂದುಕೊಂಡೆ.

ಅಟ್ಟದ ಮೇಲಿನ ಡಬ್ಬಿಯಿಂದ ತೇಯುವ ಕಲ್ಲು ಇಳಿಸಿದೆ. ಮಗಳು ಕೂಸಾಗಿದ್ದಾಗ ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುತ್ತಿದ್ದ ಕಲ್ಲು. ಆಗ ತೇಯುವುದನ್ನು ನನಗೆ ಕಲಿಸಿದವರು ಅತ್ತೆಯೇ. ಈಗ ಅದೇ ಕಲ್ಲಿನ ಮೇಲೆ ಅವರ ಮಾತ್ರೆಯನ್ನು ತೇಯ್ದೆ. ಬೆಲ್ಲ ಹಾಕಿದ ರವೆಗಂಜಿಯಲ್ಲಿ ಕಲಸಿದೆ. ಮಾತ್ರೆಯ ಮೇಲಿನ ಸಿಪ್ಪೆಯಂಥದ್ದು ಕಲ್ಲಿಗೆ ಹತ್ತಿಕೊಳ್ಳುತ್ತಿತ್ತು. ಔಷಧ ಪೋಲಾಗಬಾರದೆಂದು ಅದನ್ನೂ ಬೆರಳಿನಿಂದ ಬಳಿದು ಹಾಕುತ್ತಿದ್ದೆ. ಅತ್ತೆಗೆ ಹೇಳಲಿಲ್ಲ. ಗಂಡನಿಗೆ ಹೇಳಿದೆ. ಒಳ್ಳೆಯ ಉಪಾಯ ಎಂದರು.

ವಾರದಲ್ಲಿ ಸೀರೆ ಒದ್ದೆಯಾಗುವುದು ನಿಂತಿತು. ನಾನು ಬೀಗಿದೆ.

ಆಮೇಲೆ ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅತ್ತೆ ಊಟದ ಮೇಜಿನ ಮುಂದೆ ಕೂತು ಮುಷ್ಟಿಯಿಂದ ಮೇಜನ್ನು ಗುದ್ದುತ್ತಿದ್ದರು. ಒಂದು ಗುದ್ದು, ಸ್ವಲ್ಪ ಎಳೆದು ಇನ್ನೊಂದು ಗುದ್ದು. ಏನು ಮಾಡುತ್ತಿದ್ದೀರಿ ಎಂದೆ. ತಲೆ ಎತ್ತದೆ ಕೇಳಿದರು:

“ರಿಜಿಸ್ಟರೋ, ಸಾದಾನೋ?”

ಪತ್ರಗಳಿಗೆ ಮುದ್ರೆ ಒತ್ತುತ್ತಿದ್ದರು. ನನ್ನನ್ನು ಗುರುತಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಎದ್ದಾಗ ಸರಿಯಿದ್ದರು. ಪೇಪರ್ ಓದಿದರು, ಬೈದರು. ಗಂಜಿ ಕುಡಿದರು. ಹನ್ನೊಂದಕ್ಕೆ ಮತ್ತೆ ಹಾಗೇ ಆಯಿತು. ಪರದೆಯ ಮೇಲೆ ಅವರಿಗೆ ಇಲ್ಲದ ಇರುವೆ ಸಾಲು ಕಂಡಿತು. ಸತ್ತುಹೋದ ತಂಗಿಯನ್ನು ಕರೆದರು. ಮುಖ ಕೆಂಪಗೆ, ಮೈ ಬಿಸಿ, ತುಟಿ ಒಣಗಿ ಬಿರಿದಿದ್ದವು. ಸಂಜೆಗೆ ಒಂದಿಷ್ಟು ಇಳಿದು, ಮರುದಿನ ಮತ್ತೆ ಶುರು. ಅರಳುಮರಳು ಅಂತಾರಲ್ಲ, ಅದು ನಮ್ಮ ಮನೆಗೂ ಬಂತು ಎಂದುಕೊಂಡೆವು.

ನ್ಯೂರಾಲಜಿಸ್ಟ್ ಮೂರು ಪದ ಹೇಳಿ ನೆನಪಿಡಿ ಎಂದರು. ಯಾವ ಊರಿನ ಹೆಸರು ಹೇಳಿದರೂ ಪಿನ್‌ಕೋಡ್ ಒಪ್ಪಿಸುತ್ತಿದ್ದವರಿಗೆ ಮೂರು ಪದ ಸಿಗಲಿಲ್ಲ. ಡಿಮೆನ್ಷಿಯಾದ ಆರಂಭ ಇರಬಹುದು ಎಂದು ಹೇಳಿ ಅದಕ್ಕೊಂದು ಮಾತ್ರೆ ಬರೆದರು. ಒಳಗೆ ಹೋಗುವ ಮುಂಚೆ ಅತ್ತೆ ನನ್ನ ಸೆರಗು ಎಳೆದು, ಸೀರೆ ಒದ್ದೆಯಾಗುವ ವಿಷಯ ಇವರ ಮುಂದೂ ಹೇಳಬೇಡ ಎಂದಿದ್ದರು. ಅಂಥ ಸ್ಥಿತಿಯಲ್ಲೂ ನಾಚಿಕೆ ಮಾತ್ರ ಅವರಿಗೆ ನೆನಪಿತ್ತು. ನಾನು ಹೇಳಲಿಲ್ಲ. ಯೂರಾಲಜಿಯ ಫೈಲು ನನ್ನ ಬ್ಯಾಗಿನಲ್ಲೇ ಇತ್ತು.

ಮರೆವಿನ ಮಾತ್ರೆಯನ್ನೂ ತೇಯ್ದು ಗಂಜಿಗೆ ಹಾಕಲು ಶುರು ಮಾಡಿದ ಮೇಲೆ ಸೀರೆ ಮತ್ತೆ ಒದ್ದೆಯಾಗತೊಡಗಿತು. ಯೂರಾಲಜಿಸ್ಟ್ ಬಳಿ ಹೋದೆ. ಹೊಸ ಮಾತ್ರೆಯ ಸುದ್ದಿ ಅವರಿಗೆ ಹೇಳಬೇಕೆಂದು ತೋಚಲಿಲ್ಲ. ಮೂತ್ರಕ್ಕೂ ಮರೆವಿಗೂ ಎತ್ತಣ ಸಂಬಂಧ? ಅವರು ಡೋಸ್ ಹೆಚ್ಚಿಸಿದರು. ಮಾತ್ರೆ ತುಸು ದೊಡ್ಡದಾಯಿತು. ತೇಯಲು ಇನ್ನೆರಡು ನಿಮಿಷ ಹೆಚ್ಚು ಹಿಡಿಯಿತು, ಅಷ್ಟೇ.

ಒಂದು ಬೆಳಿಗ್ಗೆ ಅತ್ತೆ ಎರಡು ಚಮಚ ಗಂಜಿ ಕುಡಿದು ಬಟ್ಟಲು ದೂಡಿದರು.

“ಸುಮಾ, ಇದರಾಗ ಏನೋ ಹಾಕಾಕತ್ತೀ ನೀ.”

“ಬೆಲ್ಲಾ ರೀ, ಅತ್ತಿ, ಮತ್ತೇನಿಲ್ಲ,” ಎಂದೆ.

ಅಂದಿನಿಂದ ಅದೇ ಮಾತಾಯಿತು. ಸೊಸೆ ಏನೋ ಹಾಕುತ್ತಾಳೆ. ಮಗನಿಗೆ ಹೇಳಿದರು, ಪಕ್ಕದ ಮನೆಯ ಗುಜರಾತಿ ಹೆಂಗಸಿಗೆ ಹೇಳಿದರು, ಸೂರತ್‌ನಲ್ಲಿರುವ ಮಗಳು ಶೋಭಾಳಿಗೆ ಫೋನಿನಲ್ಲಿ ಹೇಳಿದರು. ಏನೋ ಎನ್ನುವುದು ಕೆಲವೇ ದಿನದಲ್ಲಿ ವಿಷವಾಯಿತು. ನಮ್ಮವರು ಅದನ್ನು ನ್ಯೂರಾಲಜಿಸ್ಟ್‌ಗೆ ತಿಳಿಸಿದರು. ಮನೆಯವರ ಮೇಲೆ ಅನುಮಾನ ಪಡುವುದು ಈ ಕಾಯಿಲೆಯಲ್ಲಿ ಸಾಮಾನ್ಯ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಅವರು ನನಗೆ ಸಮಾಧಾನ ಹೇಳಿದರು. ನನ್ನ ಕಣ್ಣು ತುಂಬಿ ಬಂತು. ಇಷ್ಟು ಮಾಡಿಯೂ ಕೆಟ್ಟ ಹೆಸರು ಎಂದು ನನ್ನ ಬಗ್ಗೆ ನನಗೇ ಅಯ್ಯೋ ಎನಿಸಿತು. ಗಂಜಿಯಲ್ಲಿ ಮಾತ್ರೆ ಹಾಕುತ್ತೇವೆ ಎಂದು ನಾನೂ ಹೇಳಲಿಲ್ಲ, ಗಂಡನೂ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ. ಔಷಧವನ್ನು ‘ಏನೋ’ ಎಂದು ಯಾರು ಲೆಕ್ಕ ಹಿಡಿಯುತ್ತಾರೆ?

ಶೋಭಾ ಬಂದಳು. ಅವಳ ಗಂಡ ಸೂರತ್‌ನ ಪಾಂಡೇಸರಾದಲ್ಲಿ, ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿ ಮಾಸ್ಟರ್. ಬಂದವಳು ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ನೋಡಿದಳು, ಮಾತಾಡದೆ. ಹತ್ತು ದಿನ ನನ್ನಲ್ಲಿ ಇರಲಿ ಎಂದು ತಾಯಿಯನ್ನು ಸೂರತ್‌ಗೆ ಕರೆದುಕೊಂಡು ಹೋದಳು. ಮಾತ್ರೆಗಳನ್ನು ಕಟ್ಟಿ ಕೊಟ್ಟೆ. ಅವಳು ದಿನವೂ ತಾಯಿಯ ಅಂಗೈಗೆ ಹಾಕಿದಳಂತೆ. ತಾಯಿ ಹಳೆಯ ಚಾಳಿಯಂತೆ ಬಾಲ್ಕನಿಯಿಂದ ಎಸೆದರಂತೆ. ಅದೆಲ್ಲ ಆಮೇಲೆ ತಿಳಿದದ್ದು. ಆರನೆಯ ದಿನ ಶೋಭಾಳ ಫೋನ್ ಬಂತು.

“ವೈನಿ, ಅವ್ವಗ ಏನೂ ಆಗಿಲ್ಲ. ಛಲೋ ಅದಾಳ. ಎಲ್ಲಾ ನೆನಪೈತಿ.”

ಹತ್ತು ದಿನ ನೋಡಿಕೊಳ್ಳುವ ಮಗಳಿಗೆ ಏನು ಗೊತ್ತು ಎಂದು ಒಳಗೊಳಗೇ ಉರಿದುಕೊಂಡೆ. ಅತ್ತೆ ವಾಪಸು ಬಂದರು. ರೈಲಿನಿಂದ ತಾವೇ ಇಳಿದರು, ಆಟೋದವನಿಗೆ ದಾರಿ ಹೇಳಿದರು. ಮರುದಿನ ನಾನು ಗಂಜಿ ಕೊಟ್ಟೆ. ಮೂರನೆಯ ದಿನ ಮೇಜಿನ ಮೇಲೆ ಮುದ್ರೆ ಒತ್ತುವುದು ಶುರುವಾಯಿತು. ಶೋಭಾ ಅಣ್ಣನಿಗೆ ಫೋನ್ ಮಾಡಿ, ಆ ಮನೆಯಲ್ಲಿ ಅವ್ವನಿಗೆ ಏನು ತಿನ್ನಿಸುತ್ತೀರಿ ಎಂದು ನೇರವಾಗಿಯೇ ಕೇಳಿದಳು. ಫೋನ್ ಸ್ಪೀಕರಿನಲ್ಲಿತ್ತು. ನಮ್ಮವರು ಸ್ಪೀಕರ್ ಆರಿಸಿ, ಫೋನ್ ಹಿಡಿದುಕೊಂಡು ಬಾಲ್ಕನಿಗೆ ಹೋದರು. ಅದು ಅವಳ ಮಾತಿಗಿಂತ ಹೆಚ್ಚು ನೋಯಿಸಿತು.

ಹೀಗೆಯೇ ಇನ್ನೆರಡು ವಾರ. ನನ್ನ ಹಟವೂ ಬೆಳೆಯಿತು. ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ.

ಆಮೇಲೆ ಮೂತ್ರ ನಿಂತೇಹೋಯಿತು.

ಬೆಳಗಿನಿಂದ ಒಂದು ಹನಿ ಇಲ್ಲ. ಮಧ್ಯಾಹ್ನ ಹೊಟ್ಟೆ ಉಬ್ಬಿ ಬಿರುಸಾಯಿತು. ಅತ್ತೆ ನನ್ನ ಕೈ ಮುಟ್ಟಗೊಡದೆ ನರಳಿದರು. ಕ್ಯಾಶುಯಲ್ಟಿಯಲ್ಲಿ ಮೂತ್ರ ತೆಗೆಯಲು ಕ್ಯಾತಿಟರ್ ಕೊಳವೆ ಹಾಕಿದರು. ಚೀಲ ತುಂಬಿತು, ಅದನ್ನು ಬರಿದು ಮಾಡಿದರು, ಮತ್ತೆ ತುಂಬಿತು. ಅವರು ಕಣ್ಣು ತೆರೆದು ಛಾವಣಿ ನೋಡುತ್ತಿದ್ದರು. ಯಾರನ್ನೂ ನೋಡುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ವಾರ್ಡಿಗೆ ಬಂದ ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಮನೆಯಲ್ಲಿರುವ ಎಲ್ಲ ಔಷಧವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಬನ್ನಿ ಎಂದು ರಾತ್ರಿಯೇ ಹೇಳಿ ಕಳಿಸಿದ್ದರು. ಚೀಲವನ್ನು ಹಾಸಿಗೆಯ ಮೇಲೆ ಸುರಿದು ಒಂದೊಂದೇ ಸ್ಟ್ರಿಪ್ ತಿರುಗಿಸಿ ನೋಡಿದರು. ಗೊಂದಲ ಯಾವ ಹೊತ್ತಿಗೆ ಎಂದು ಕೇಳಿದರು. ಹನ್ನೊಂದರಿಂದ ಎಂದೆ. ಬೆಳಿಗ್ಗೆ? ಸರಿ ಇರುತ್ತಾರೆ. ಮಾತ್ರೆ ಯಾವಾಗ? ಒಂಬತ್ತಕ್ಕೆ. ಅವರು ಪೆನ್ನು ಕೆಳಗಿಟ್ಟರು. ಇಲ್ಲಿಯವರ ರೂಢಿಯಂತೆ ಅಕ್ಕಾ ಎಂದು ಕರೆದು, ಹಿಂದಿಯಲ್ಲಿ ಕೇಳಿದರು:

“ಬೆನ್, ಹೇಗೆ ಕೊಡುತ್ತೀರಿ? ಮಾಡಿ ತೋರಿಸಿ.”

ನಾನು ಎಡ ಅಂಗೈಯನ್ನು ಕಲ್ಲು ಮಾಡಿಕೊಂಡು ಬಲಗೈಯಿಂದ ತೇಯ್ದು ತೋರಿಸಿದೆ.

ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಇದು ಇಪ್ಪತ್ನಾಲ್ಕು ಗಂಟೆ ಸ್ವಲ್ಪ ಸ್ವಲ್ಪವೇ ಕರಗುವಂತೆ ಮಾಡಿದ ಮಾತ್ರೆ, ತೇಯ್ದರೆ ಇಡೀ ದಿನದ ಔಷಧ ಒಂದೇ ಸಲಕ್ಕೆ ಮೈಗೆ ಸೇರುತ್ತದೆ ಎಂದರು. ವಯಸ್ಸಾದವರಲ್ಲಿ ಅದು ಬಾಯಿ ಒಣಗಿಸುವುದಲ್ಲದೆ ತಲೆಯನ್ನೂ ಕೆಡಿಸಬಲ್ಲದು, ಮೂತ್ರವನ್ನೂ ಕಟ್ಟಿಸಬಲ್ಲದು. ಮರೆವಿನ ಮಾತ್ರೆ ಇದಕ್ಕೆ ಎದುರು ಕೆಲಸ ಮಾಡುವಂಥದ್ದು. ಒಂದು ಆ ಕಡೆ ಎಳೆದರೆ ಇನ್ನೊಂದು ಈ ಕಡೆ. ನಡುವೆ ಸಿಕ್ಕವರು ಇವರು. ಸ್ಟ್ರಿಪ್ಪಿನ ಹಿಂದೆ ಇಂಗ್ಲಿಷಿನಲ್ಲಿ ಬರೆದಿತ್ತು: ಅಗಿಯಬಾರದು, ಪುಡಿ ಮಾಡಬಾರದು. ಅಂಗಡಿಯವನು ಕತ್ತರಿಸಿ ಕೊಟ್ಟದ್ದರಲ್ಲಿ ಅರ್ಧ ಸಾಲು ಹೋಗಿತ್ತು. ಉಳಿದರ್ಧ ಇತ್ತು. ನಾನು ಎಂ.ಕಾಂ. ಓದಿದವಳು.

ಬೇಲಿಯೇ ಎದ್ದು ಹೊಲ ಮೇಯಿತು ಅಂತಾರಲ್ಲ, ಆ ಬೇಲಿ ನಾನು.

ಕಾರಿಡಾರಿನಲ್ಲಿ ಗಂಡನಿಗೆ ಹೇಳಿದೆ. ಅವರು, ತೇಯುವುದು ತನಗೂ ಗೊತ್ತಿತ್ತಲ್ಲ ಎಂದರು. ನನ್ನ ಮೇಲೆ ಪೂರ್ತಿ ಹೊರಿಸಲಿಲ್ಲ. ಅದಕ್ಕೆ ನಾನು ಋಣಿ. ಅವ್ವನಿಗೆ ಮಾತ್ರ ಹೇಳುವುದು ಬೇಡ, ಪ್ರಯೋಜನವಿಲ್ಲ ಎಂದರು.

ಡಾಕ್ಟರು ಎರಡನ್ನೂ ನಿಲ್ಲಿಸಿದರು. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ, ಶುರು ಮಾಡಬೇಡಿ, ನೆಗಡಿ ಮಾತ್ರೆಯನ್ನೂ ಕೇಳಿಯೇ ಕೊಡಿ ಎಂದರು. ನುಂಗಲು ಆಗದಿದ್ದರೆ ಅದನ್ನು ಮೊದಲು ನಮಗೆ ಹೇಳಿ, ಬೇರೆ ದಾರಿ ಇರುತ್ತದೆ ಎಂದರು. ಇಷ್ಟು ಸರಳ ಮಾತು. ಗಂಟಲಿಗೆ ಅಂಟುತ್ತದೆ ಎಂದು ಅತ್ತೆ ಹೇಳಿದ ದಿನವೇ ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಐದನೆಯ ದಿನ ಅತ್ತೆ ನರ್ಸಿನ ಹೆಸರು ಕೇಳಿದರು. ಏಳನೆಯ ದಿನ ಗದ್ದಲ ಮಾಡಿ ಕನ್ನಡಕ ತರಿಸಿಕೊಂಡರು. ಕ್ಯಾತಿಟರ್ ತೆಗೆದರು. ಮನೆಗೆ ಬಂದೆವು. ಈಗ ಗಡಿಯಾರ ನೋಡಿಕೊಂಡು ಎರಡು ಗಂಟೆಗೊಮ್ಮೆ ಬಚ್ಚಲಿಗೆ ಹೋಗುವ ಅಭ್ಯಾಸ ಮಾಡಿಸಿದ್ದಾರೆ. ಬೇರೆ ಜಾತಿಯ ಒಂದು ಮಾತ್ರೆ ಕೊಟ್ಟಿದ್ದಾರೆ. ನುಂಗಲು ಬರುತ್ತದೆಯೇ ಎಂದು ತಮ್ಮ ಎದುರಿಗೇ ನುಂಗಿಸಿ ನೋಡಿದ ಮೇಲೆ ಬರೆದರು. ಸೀರೆ ಒಮ್ಮೊಮ್ಮೆ ಒದ್ದೆಯಾಗುತ್ತದೆ. ಮಾತಾಡುವಾಗ ಒಂದೊಂದು ಪದ ಸಿಗದೆ ತಡವರಿಸುತ್ತಾರೆ. ಅದು ವಯಸ್ಸಿನದೋ, ನಾವು ಮಾಡಿದ್ದೋ ಎಂದು ಕೇಳಿದೆ. ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರು.

ಮನೆಗೆ ಬಂದ ಎರಡನೆಯ ವಾರ, ಅತ್ತೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

“ಸುಮಾ, ನಿನಗ ಬ್ಯಾಡಾದ ಮಾತು ಅಂದೀನಿ. ವಿಷಾ ಹಾಕ್ತೀ ಅಂದೆ. ತಲಿ ಸರಿ ಇರಲಿಲ್ಲವಾ. ಮನಸಿಗೆ ಹಚ್ಕೋಬ್ಯಾಡ.”

ನನ್ನ ಕೈ ಹಿಡಿದಿದ್ದರು. ಹೂಂ ಎಂದರೆ ಮುಗಿಯುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಅವರು ನನ್ನ ಕ್ಷಮೆ ಕೇಳುತ್ತಿದ್ದರು, ಅದೂ ನನ್ನ ತಪ್ಪಿಗೆ. ನನ್ನಿಂದ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಕೈ ಬಿಟ್ಟರು.

“ದಿನಾನೂ?”

“ದಿನಾನೂರಿ.”

“ಕೇಳಿದ್ರ ಬೆಲ್ಲಾ ಅಂದಿ.”

“ಹೌದ್ರಿ.”

ಬೈಗುಳಕ್ಕೆ ಕಾದು ಕೂತೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಮಾವ ತೀರಿಕೊಂಡಾಗಲೂ ಅವರು ಹಾಗೆ ಅತ್ತಿರಲಿಲ್ಲ. ಅಷ್ಟು ದಿನವೂ ತನ್ನ ತಲೆ ಕೆಟ್ಟಿತು, ಇನ್ನು ಇದು ಹೀಗೇ ಎಂದು ಒಬ್ಬರೇ ಹೆದರಿ ಕೂತಿದ್ದರೆಂದು ನನಗೆ ಆಗ ತಿಳಿಯಿತು. ನಾನು ಕ್ಷಮೆ ಕೇಳಿದೆ. ಅವರು ಕ್ಷಮಿಸಿದೆ ಎನ್ನಲಿಲ್ಲ. ಇನ್ನು ಮೇಲೆ ಮಾತ್ರೆಯನ್ನು ನನ್ನ ಕೈಗೇ ಕೊಡು, ನುಂಗದಿದ್ದರೆ ನುಂಗುವುದಿಲ್ಲ ಎಂದು ನಿನ್ನ ಮುಖಕ್ಕೇ ಹೇಳುತ್ತೇನೆ ಎಂದರು. ಮೂಗು ಒರೆಸಿಕೊಂಡು, ಶೋಭಾಳಿಗೆ ಫೋನ್ ಹಚ್ಚು ಎಂದರು.

ಹಚ್ಚಿ ಕೊಟ್ಟೆ.

“ಶೋಭಾ, ನನಗ ಹುಚ್ಚ ಹಿಡದಿದ್ದಿಲ್ಲವಾ. ನಾ ಅಂದಿದ್ದ ಖರೇ ಇತ್ತು. ಸುಮಾನ ಹೇಳಿದ್ಲು ಈಗ.”

ಆ ಕಡೆಯಿಂದ ಶೋಭಾ ಏನೇನೋ ಕೇಳುತ್ತಿದ್ದಳು. ಅತ್ತೆ ಒಂದೊಂದಕ್ಕೂ ನಿಧಾನವಾಗಿ, ಪದ ಸಿಗದಲ್ಲಿ ತಡೆದು ನಿಂತು, ಸರಿಯಾಗಿ ಉತ್ತರ ಕೊಟ್ಟರು. ನಾನು ಎದ್ದು ಹೋಗದೆ ಅಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡೆ.