ನಿಶ್ಚಯದ ವಾಚು

ಮದುವೆಗೆ ಮುಂಚೆ ನಾನೂ ಅಣ್ಣನೂ ಬಿಟಿಎಂ ಲೇಔಟಿನಲ್ಲಿ ಮಹಡಿ ಮೇಲಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆವು. ಅಪ್ಪ, ಅವ್ವ ಇಬ್ಬರೂ ನಾನು ಶಾಲೆಯಲ್ಲಿದ್ದಾಗಲೇ ಬಾಗಲಕೋಟೆ ಕಡೆಯ ನಮ್ಮೂರಲ್ಲಿ ತೀರಿಕೊಂಡಿದ್ದರು. ಹಾಗಾಗಿ ನನಗೆ ತವರು ಅಂದರೆ ಊರೂ ಅಲ್ಲ, ಮನೆಯೂ ಅಲ್ಲ, ಅಣ್ಣ ಒಬ್ಬನೇ. ಕೊರಿಯರ್ ಆಫೀಸಿನಲ್ಲಿ ಅವನಿಗೆ ಕೆಲಸ. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. ಇದನ್ನು ದೊಡ್ಡ ಗುಣ ಅನ್ನುವವರು ಅಂಥವನ ಜೊತೆ ಒಂದು ತಿಂಗಳು ಇದ್ದು ನೋಡಬೇಕು. ನೀರು ಯಾಕೆ ಇಷ್ಟು ಬೇಗ ಖಾಲಿಯಾಯಿತು ಎಂದು ಮನೆ ಓನರ್ ಆಂಟಿ ಕೇಳಿದರೆ, "ನಾವ ಹೆಚ್ಚಿಗೆ ಬಳಸೀವ್ರಿ" ಎಂದು ತಾನೇ ಹೋಗಿ ಬೈಸಿಕೊಂಡು ಬರುತ್ತಿದ್ದ.

ಬನಶಂಕರಿಯ ಹಾರ್ಡ್‌ವೇರ್ ಅಂಗಡಿಯವರ ಮನೆಯಿಂದ ನನಗೆ ಸಂಬಂಧ ಬಂತು. ಅವರೂ ನಮ್ಮ ಹಾಗೇ ಲಿಂಗ ಕಟ್ಟಿದವರು, ತುಮಕೂರು ಕಡೆಯಿಂದ ಬಂದು ನೆಲೆ ನಿಂತವರು. ನಮ್ಮದು ಬೇಡಿಕೆ ಏನೂ ಇಲ್ಲ ಅಂದರು. ಆದರೆ ನಿಶ್ಚಯದ ದಿನ ಹೆಣ್ಣಿನ ಕಡೆಯವರು ಗಂಡಿನ ಕೈಗೆ ವಾಚು ಕಟ್ಟುವುದು ಪದ್ಧತಿ, ಅದನ್ನು ಯಾರೂ ಬೇಡಿಕೆ ಅನ್ನುವುದಿಲ್ಲ. ನನ್ನನ್ನು ನೋಡಿ ಹೊರಡುವಾಗ ಅತ್ತೆಯಾಗುವವರು ಕಾಫಿ ಲೋಟ ಕೆಳಗಿಟ್ಟು ಅಣ್ಣನಿಗೆ ಹೇಳಿದರು. "ನಮ್ ದೊಡ್ಡ ಅಳಿಯಂಗೆ ನಾವು ಸ್ವಿಸ್ ವಾಚೇ ಕಟ್ಟಿದ್ವಿ. ಹಾಗಂತ ನೀವೂ ಕಟ್ಬೇಕು ಅಂತೇನಿಲ್ಲಪ್ಪ."

ಹೊಸ ಸ್ವಿಸ್ ವಾಚು ನಮ್ಮ ಕೈಗೆ ಎಟುಕುವುದಲ್ಲ. ಅಣ್ಣ ಆಫೀಸು ಬಿಟ್ಟ ಮೇಲೆ ನಮ್ಮ ರಸ್ತೆಯ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು, ಜನ ಹಳೇ ಸಾಮಾನು ಮಾರುವ ವೆಬ್‌ಸೈಟುಗಳನ್ನು ಹುಡುಕತೊಡಗಿದ. ಎಲ್ಲರದ್ದೂ ಅಸಲಿಯೇ, ಎಲ್ಲರೂ ಒಂದೇ ಸಲ ಕಟ್ಟಿದವರೇ. ಜಯನಗರದ ಕಾಂಪ್ಲೆಕ್ಸ್ ಹತ್ತಿರ ಸಿಕ್ಕ ಒಬ್ಬ, ತನ್ನ ಮಾವ ದುಬೈನಿಂದ ತಂದುಕೊಟ್ಟ ವಾಚು, ಇಂಥದ್ದು ಇನ್ನೊಂದಿಲ್ಲ ಎಂದನಂತೆ. ಅವನ ಬ್ಯಾಗಿನ ಜಿಪ್ ಜಾರಿದಾಗ ಒಳಗೆ ಅಂಥವೇ ಇನ್ನೂ ನಾಲ್ಕಾರು ಕಂಡವಂತೆ. ಅಣ್ಣ ಅದನ್ನು ಹೇಳಿಕೊಂಡು ನಕ್ಕ.

ಕೊನೆಗೆ ಜಯನಗರದ ಒಂದು ಹಳೇ ಮನೆಗೆ ನನ್ನನ್ನೂ ಕರೆದುಕೊಂಡು ಹೋದ. ಮಾರುವವರು ಒಬ್ಬ ವಯಸ್ಸಾದ ಹೆಂಗಸು, ವೆಬ್‌ಸೈಟಿಗೆ ಹಾಕಿದ್ದು ಪಕ್ಕದ ಮನೆಯ ಹುಡುಗಿಯಂತೆ. ಅಸಲಿ ಹೌದೋ ಅಲ್ಲವೋ ಎಂದು ಅಣ್ಣ ನಾಚಿಕೊಂಡೇ ಕೇಳಿದ. ಆಕೆ ಬೇಸರಪಡದೆ ಗೋಡೆಯ ಮೇಲಿನ ಗಂಡನ ಫೋಟೋ ಇಳಿಸಿ, ಹಾರ ಸರಿಸಿ, ಗಾಜನ್ನು ಸೆರಗಿನಿಂದ ಒರೆಸಿದರು. ಫೋಟೋದಲ್ಲಿ ಅವರು ಕುರ್ಚಿಯಲ್ಲಿ ಕೂತು ಮೊಣಕಾಲ ಮೇಲೆ ಕೈ ಇಟ್ಟುಕೊಂಡಿದ್ದರು. ಕೈಯಲ್ಲಿ ಅದೇ ವಾಚು.

"ಮನೇಲಿದ್ರೆ ಅದನ್ನೇ ನೋಡ್ತಾ ಕೂತ್ಬಿಡ್ತೀನಿ. ಒಳ್ಳೇ ಕೈಗೆ ಹೋಗ್ಲಿ," ಅಂದರು.

ಬಸ್ಸಿನಲ್ಲಿ ಅಣ್ಣನ ಮುಖ ಬೆಳಗುತ್ತಿತ್ತು. "ಸತ್ತ ಗಂಡನ ಫೋಟೋ ಹಿಡಕೊಂಡು ಯಾರರ ಸುಳ್ಳ ಹೇಳ್ತಾರೇನು?" ಅಂದ. ನನಗೂ ಸರಿ ಅನ್ನಿಸಿತು. ಅಸಲಿಯೋ ನಕಲಿಯೋ ಎಂಬ ಒಂದೇ ಚಿಂತೆಯಲ್ಲಿ ಅಷ್ಟು ದಿನ ಅಲೆದಿದ್ದೆವು. ಬೇರೆ ಚಿಂತೆಯೂ ಇರಬಹುದೆಂದು ತಿಳಿಸಿ ಹೇಳಲು ನಮ್ಮ ಹಿಂದೆ ಹಿರಿಯರು ಯಾರಿದ್ದರು.

ನಿಶ್ಚಯದ ದಿನ ಅಣ್ಣ ತಂದೆಯ ಜಾಗದಲ್ಲಿ ಕೂತು ಗಂಡಿಗೆ ವಾಚು ಕಟ್ಟಿದ. ಅತ್ತೆಯ ಮುಖ ಅರಳಿತು. ದೊಡ್ಡ ಅಳಿಯ ಮಾತ್ರ ಬಗ್ಗಿ, ಗಂಡಿನ ಕೈ ತಿರುಗಿಸಿ ನೋಡಿ, "ಕೊಂಡಿ ಸವೆದಿದೆಯಲ್ಲ, ಹೊಸದಾ ಇದು?" ಅಂದರು.

"ಹೊಸಾದಲ್ರೀ. ನೆಟ್‌ನ್ಯಾಗ ನೋಡಿ ತಗೊಂಡಿದ್ದು. ಆದ್ರ ಅಸಲಿ ಐತ್ರಿ."

"ನೆಟ್ಟಲ್ಲಾ? ಬೆಳ್ಳಗಿರೋದೆಲ್ಲ ಹಾಲಲ್ಲ ಗುರು. ಅಸಲಿ ಅಂತ ಹೆಂಗೆ ಗೊತ್ತಾಯ್ತು ನಿಮಗೆ?"

ಜನರ ಮುಂದೆ ಮೋಸಗಾರನಾಗುವುದು ಅಣ್ಣನಿಗೆ ಸಹಿಸಲಾಗಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ, ಅವನು ಪೂರ್ತಿ ಬಾಯಿ ಬಿಟ್ಟ. ಜಯನಗರದ ಮನೆ, ಆ ತಾಯಿ, ಎಲ್ಲ ಹೇಳಿದ. "ಮಾಲಿ ಹಾಕಿದ ಫೋಟೋದಾಗೂ ಇದ ವಾಚ್ ಐತ್ರಿ. ಬೇಕಂದ್ರ ಈಗ ಕರಕೊಂಡ ಹೋಗಿ ತೋರಸ್ತೀನಿ," ಅಂದ.

ಅತ್ತೆ, "ಸತ್ತೋರ ಕೈದಾ?" ಅಂದರು. ಬೆಳಿಗ್ಗೆ ಎದ್ದರೆ ಸೂತಕವಿಲ್ಲ ಎನ್ನುವ ವಚನ ಹೇಳುವ ಮನೆ ಅದು. ನನ್ನನ್ನು ಮದುವೆಯಾಗುವವರು ವಾಚು ಬಿಚ್ಚಿ ತಾಂಬೂಲದ ತಟ್ಟೆಯಲ್ಲಿಟ್ಟು, ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. ಅಣ್ಣ ಅವರ ಒದ್ದೆ ಕೈಯನ್ನೇ ನೋಡುತ್ತಿದ್ದ. ಅತ್ತೆ ಪಕ್ಕದವರಿಗೆ ಮೆಲ್ಲಗೆ, "ಡೂಪ್ಲಿಕೇಟ್ ಆಗಿದ್ರೂ ಪರವಾಗಿರ್ಲಿಲ್ಲ," ಅಂದದ್ದು ನಮಗಿಬ್ಬರಿಗೂ ಕೇಳಿಸಿತು.

ಮದುವೆ ನಿಲ್ಲಲಿಲ್ಲ. ದೊಡ್ಡ ಅಳಿಯ ಅಣ್ಣನನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಗಾಜಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆಯದ ಹೊಸ ವಾಚು ಅವನಿಂದಲೇ ಕೊಳ್ಳಿಸಿದರು. ಹಳೆಯದನ್ನು ಅಣ್ಣ ಏನು ಮಾಡಿದನೋ, ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನನ್ನ ಗಂಡ ಒಳ್ಳೆಯವರು. ಆದರೂ ಅವರು ಊಟಕ್ಕೆ ಮುಂಚೆ ಕೈ ತೊಳೆಯುವಾಗ ನಾನು ಎಷ್ಟೋ ವರ್ಷ ಆ ಕಡೆ ನೋಡುತ್ತಿರಲಿಲ್ಲ.

ಸೀಮಂತಕ್ಕೆ ಅಣ್ಣ ಸೀರೆ ತಂದ. ಮಡಿಕೆಯ ಮೇಲೆ ಎಲ್ಲರಿಗೂ ಕಾಣುವಂತೆ ಅಂಗಡಿಯ ಬಿಲ್ಲು. ಮರೆತು ಬಿಟ್ಟಿದ್ದಾನೆ ಅಂದುಕೊಂಡು ತೆಗೆಯಲು ಹೋದೆ, "ಇರಲಿ ಬಿಡು," ಅಂದ. ಮಗುವಿನ ತೊಟ್ಟಿಲಿಗೆ ಬೆಳ್ಳಿ ಬಟ್ಟಲು ತಂದಾಗಲೂ ಅದರೊಳಗೆ ಬಿಲ್ಲು. ಅತ್ತೆ ಕೆಟ್ಟವರಲ್ಲ, "ಇದೆಲ್ಲ ಯಾಕಪ್ಪಾ," ಅಂದರು. ಅಂದವರೇ ಬಿಲ್ಲು ಓದಿದರು. ಆ ಚೀಟಿ ಕಿತ್ತು ಹರಿದು ಅಣ್ಣನ ಮುಖಕ್ಕೇ ಎಸೆಯುವಷ್ಟು ಸಿಟ್ಟು ಬಂತು ನನಗೆ. ಸಿಟ್ಟು ಅವನ ಮೇಲಲ್ಲ ಎಂದು ಅವನಿಗೂ ಗೊತ್ತಿತ್ತು.

ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆಯಬೇಕು. ಆ ವರ್ಷವೂ ಬಂದ. ಚಪ್ಪಲಿ ಬಿಡದೆ ಬಾಗಿಲ ಹೊರಗೇ ನಿಂತು, ಒಂದು ಸ್ಟೀಲ್ ಡಬ್ಬಿಯನ್ನು ಅತ್ತೆಯ ಕಡೆ ಚಾಚಿದ. ಅತ್ತೆ ಮುಚ್ಚಳ ತೆಗೆದರು. ಶೇಂಗಾ ಉಂಡಿ, ಒಂದು ದೊಡ್ಡದು, ಒಂದು ಚಿಕ್ಕದು, ಗಂಡಸಿನ ಕೈಯಲ್ಲಿ ಕಟ್ಟಿದಂಥವು.

"ಇವು ನಾನ ಮನ್ಯಾಗ ಮಾಡಿದ್ದು ಅಮ್ಮಾರ," ಅಂದ ಅಣ್ಣ. "ಇವಕ್ಕ ಬಿಲ್ ಇಲ್ಲ."

ತಮಾಷೆ ಎಂದುಕೊಂಡು ಅತ್ತೆ ನಕ್ಕರು. ನಾನು ಅಣ್ಣನ ಮುಖ ನೋಡಿದೆ. ಅವನು ತಮಾಷೆ ಮಾಡಿರಲಿಲ್ಲ.