ನೀರು ಕುಡಿದ ನೂಲಿನ ಗಂಟು

ನೀರು ಕುಡಿದ ನೂಲಿನ ಗಂಟು ತಾನಾಗಿ ಬಿಚ್ಚಿಕೊಳ್ಳೋದು ಎಂದೂ ಸಾಧ್ಯವಿಲ್ಲ ಅಂದವರು ನಮ್ಮ ಕಾಕಾ. ನಮ್ಮಂಥವರ ಮನೆಯಲ್ಲಿ ಒಬ್ಬ ಬಿ.ಎ. ಆಗೋದೂ ಸಾಧ್ಯವಿಲ್ಲ ಅಂದವರು ಅವರೇ. ಎರಡೂ ಆದವು. ಎರಡನೆಯದಕ್ಕೆ ಕಾಗದ ಇದೆ. ಮೊದಲನೆಯದಕ್ಕೆ ನಾನೊಬ್ಬನೇ ಸಾಕ್ಷಿ. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ನಿಜಾಮರ ಕಾಲ. ಕಲ್ಯಾಣದ ಕೆರೆಯಲ್ಲಿ ಗಾಳ ಹಾಕಿ ಬದುಕುವ ಮನೆ ನಮ್ಮದು. ಅಪ್ಪ ಜ್ವರದಲ್ಲಿ ತೀರಿಕೊಂಡು ಒಂದು ತಿಂಗಳಾಗಿತ್ತು. ಹುಮನಾಬಾದಿನ ಶಾಲೆ ಬಿಟ್ಟು ಗಾಳ ಹಿಡಿ ಅಂತ ಕಾಕಾ ಹಟ ಹಿಡಿದಿದ್ದರು.

"ಪುಸ್ತಕಕ್ಕ ಮೀನ ಬೀಳ್ತಾವೇನ್ರಿ, ಸಾಹೇಬ್ರ?"

ಹೀಗೆ ಅಣಕಿಸುತ್ತಲೇ ದಾರಗಳ ಗುಣ ಕಲಿಸಿದರು. ಕುದುರೆ ಬಾಲದ ಕೂದಲಿನದು ಜಗ್ಗಿದರೆ ಹಿಗ್ಗುತ್ತದೆ. ಎಣ್ಣೆ ಸವರಿದ ರೇಷ್ಮೆ ನೀರ ಮೇಲೇ ಉಳಿಯುತ್ತದೆ. ನೂಲು ಮಾತ್ರ ನೀರು ಕುಡಿದು ಮುಳುಗುತ್ತದೆ, ಉಬ್ಬುತ್ತದೆ. ಅದರ ಗಂಟು ಕಲ್ಲಾಗುತ್ತದೆ, ಕೊಯ್ಯದೆ ಬೇರೆ ದಾರಿಯಿಲ್ಲ. ಅದಕ್ಕೇ ಅದನ್ನು ಕೈಗೆ ಕಟ್ಟಿಕೊಳ್ಳಬಾರದು.

ನಾನು ಕಟ್ಟಿಕೊಂಡೆ.

ಒಬ್ಬನೇ ಕೆರೆಗೆ ಹೋದ ಮೊದಲ ರಾತ್ರಿ ಅದು. ಕಂದೀಲಿನ ಬೆಳಕಿನಲ್ಲಿ ಓದಬೇಕಿತ್ತು, ಪುಸ್ತಕ ಹಿಡಿಯಲು ಎರಡೂ ಕೈ ಬೇಕಿತ್ತು. ಅಪ್ಪನ ನೂಲಿನ ದಾರವನ್ನು ಎಡ ಮಣಿಕಟ್ಟಿಗೆ ಸುತ್ತಿ ಬಿಗಿದೆ. ಸುತ್ತ ಯಾರೂ ಇಲ್ಲ. ಕೆಸರಿನ ವಾಸನೆ, ಕಪ್ಪೆಗಳ ಸದ್ದು...

ಕಪ್ಪೆಗಳು ಒಮ್ಮೆಲೇ ಸುಮ್ಮನಾದವು.

ದಾರ ಸರಿಯಿತು. ಮೀನಾದರೆ ಕುಕ್ಕುತ್ತದೆ, ಬಿಡುತ್ತದೆ, ಮತ್ತೆ ಕುಕ್ಕುತ್ತದೆ. ಇದು ಹಾಗಲ್ಲ. ಯಾರೋ ನಿಧಾನವಾಗಿ ಸುತ್ತಿಕೊಳ್ಳುವ ಹಾಗೆ... ಒಂದೇ ಸಮ. ಕಾಲು ಜಾರಿತು. ಮೊಣಕಾಲಿಗೆ ನೀರು, ಸೊಂಟಕ್ಕೆ, ಎದೆಗೆ. ಚೂರಿ ದಂಡೆಯ ಬುಟ್ಟಿಯಲ್ಲಿತ್ತು. ನೆನೆದ ಗಂಟು ಉಬ್ಬಿ ಮಾಂಸಕ್ಕೆ ಇಳಿಯಿತು. ಬಿಚ್ಚಲು ಹೋಗಿ ಉಗುರುಗಳು ಮುರಿದವು. ಕೂಗಿದೆ. ಕೋಟೆಯ ಕಡೆಯಿಂದ ನನ್ನ ದನಿಯೇ ವಾಪಸು ಬಂತು.

ಆಗ ಮಣಿಕಟ್ಟಿಗೆ ಏನೋ ತಾಗಿತು. ತಣ್ಣಗೆ... ಎರಡು ಬೆರಳಿನಷ್ಟು. ಅವಸರವೇ ಇಲ್ಲದೆ, ಒಂದೊಂದೇ ಸುತ್ತು ಸಡಿಲವಾಯಿತು. ದಾರ ಕತ್ತಲೊಳಗೆ ಹೋಯಿತು.

ಹೇಗೆ ಮನೆ ಮುಟ್ಟಿದೆನೋ ಗೊತ್ತಿಲ್ಲ. ಅವ್ವ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನಲ್ಲ, ನನ್ನ ಹಿಂದಿನ ಕತ್ತಲನ್ನು ನೋಡುತ್ತಿದ್ದಳು. ಬೆಳಗಾಗುತ್ತಲೇ ಕಾಕಾನ ಮಾತು ಮೀರಿ ನನ್ನನ್ನು ಹುಮನಾಬಾದಿಗೆ ಹೊರಡಿಸಿದಳು. ಗಂಟು ನೀನೇ ಸಡಿಲ ಕಟ್ಟಿದ್ದಿ ಅಂತ ಕಾಕಾ ನಕ್ಕರು. ಕೈಯ ಗಾಯ ತೋರಿಸಿದೆ, ನಗು ನಿಂತಿತು.

ಎಷ್ಟೋ ವರ್ಷದ ಮೇಲೆ ಹೈದರಾಬಾದಿನಿಂದ ಬಂದು ಸರ್ಟಿಫಿಕೇಟನ್ನು ಅವ್ವನ ಕೈಗೆ ಕೊಟ್ಟೆ. ಓದು ಬಾರದ ಅವಳು ಅಕ್ಷರಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಅವಳು ಅಂದದ್ದು ನೆನಪಾದರೆ ಇವತ್ತಿಗೂ ಕತ್ತಲಲ್ಲಿ ಹಿಂದೆ ತಿರುಗಿ ನೋಡುತ್ತೇನೆ.

"ಆಗ ಹೇಳಿದ್ರ ನನ್ನ ಒಬ್ಬಾಕಿನ್ನ ಬಿಟ್ಟು ನೀ ಓದಾಕ ಹೋಗ್ತಿದ್ದಿಲ್ಲ, ತಮ್ಮಾ. ಅವತ್ತ ಕೆರಿಯಿಂದ ನೀ ಒಬ್ಬನ ಬಂದಿದ್ದಿಲ್ಲ."